ಮೂಗಿಯ ಭಾಷಣ

ನನ್ನನ್ನು ಎಲ್ಲರೂ ಮೂಗಿ ಎಂದು ಕರೆಯುತ್ತಿದ್ದರು. ಭಾಷಣಕ್ಕೆ ನನ್ನನ್ನು ಆರಿಸಿದ್ದು ಅದಕ್ಕೇ.

ನಾನು ಮೂಗಿಯಲ್ಲ. ಮಾತು ಬರುತ್ತದೆ. ಆಡುತ್ತಿರಲಿಲ್ಲ, ಅಷ್ಟೆ. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಮಾತಿಗೆ ಜಾಗವಿಲ್ಲ. ಒಗೆಯುವ ಮೆಷಿನುಗಳು ಗುಡುಗುಡಿಸುತ್ತವೆ, ಹಬೆಯ ಕೊಳವೆಗಳು ಬುಸುಗುಟ್ಟುತ್ತವೆ. ಏನಾದರೂ ಹೇಳಬೇಕೆಂದರೆ ಕಿರುಚಬೇಕು. ಕಿರುಚುವ ಕೆಲಸವನ್ನು ನನ್ನ ಓರಗಿತ್ತಿ ವಹಿಸಿಕೊಂಡಿದ್ದಳು. ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಲಾಂಡ್ರಿಯವರು ಅವಳಿಗೆ ಗುಡುಗು ಎಂದು ಹೆಸರಿಟ್ಟಿದ್ದರು. ಗುಡುಗು ಮತ್ತು ಮೂಗಿ. ಒಂದೇ ಮನೆಯ ಇಬ್ಬರು ಸೊಸೆಯರು. ನನ್ನ ಗಂಡ ತೀರಿಕೊಂಡ ಮೇಲೆ ನಾನು ಅಕ್ಕ ಭಾವನ ಜೊತೆಯಲ್ಲೇ ಉಳಿದೆ. ಭಾವ ಅದೇ ನೆಲಮಾಳಿಗೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಅವರ ಮಗಳು ಕಾಲೇಜಿಗೆ ಹೋಗುತ್ತಿದ್ದಳು. ನನಗೆ ಮಕ್ಕಳಿಲ್ಲ. ಅವಳೇ ನನ್ನ ಮಗಳೂ ಹೌದು.

ಮೇಲಿನ ವಾರ್ಡುಗಳ ಕೊಳೆ ಬಟ್ಟೆ ಗೋಡೆಯೊಳಗಿನ ಅಗಲವಾದ ಕೊಳವೆಯಲ್ಲಿ ಜಾರಿ ನಮ್ಮ ಕಾಲ ಬುಡಕ್ಕೆ ಬಂದು ಬೀಳುತ್ತದೆ. ರಕ್ತ, ಕೀವು, ವಾಂತಿ, ಮಲ. ಅದನ್ನು ಕೈಯಿಂದಲೇ ಬಿಡಿಸಿ ವಿಂಗಡಿಸಬೇಕು. ಕೆಲವೊಮ್ಮೆ ಸೂಜಿ ಇರುತ್ತದೆ. ಕೆಲವೊಮ್ಮೆ ಕತ್ತರಿ. ಒಂದು ಸಲ ಯಾರದೋ ಹಲ್ಲುಸೆಟ್ಟು ಸಿಕ್ಕಿತು. ಅಕ್ಕ ಅದನ್ನು ತೊಳೆದು, ಸೆರಗಿನಲ್ಲಿ ಒರೆಸಿ, ಡಾಕ್ಟರುಗಳು ಓಡಾಡುವ ಮೇಲಿನ ಲಿಫ್ಟು ಹತ್ತಿ ವಾರ್ಡಿಗೆ ಹೋಗಿ ಒಬ್ಬ ಮುದುಕನ ಕೈಗೆ ಕೊಟ್ಟಳು. ಮುದುಕ ಅದನ್ನು ಬಾಯಿಗೆ ಹಾಕಿಕೊಂಡು ನಕ್ಕ. ಎಲ್ಲಿ ಸಿಕ್ಕಿತು ಎಂದು ಕೇಳಲಿಲ್ಲ. ಕೇಳಿದ್ದರೆ ಅಲ್ಲೇ ಪ್ರಾಣ ಬಿಡುತ್ತಿದ್ದ ಎಂದು ಅಕ್ಕ ಬಿದ್ದು ಬಿದ್ದು ನಕ್ಕಳು. ಆದರೆ ಮೇಲಿನ ಲಿಫ್ಟು ಹತ್ತಿದ್ದಕ್ಕೆ ಅವಳನ್ನು ಕರೆಸಿ ಬೈದರು. ನಮಗೆ ಹಿಂದಿನ ಲಿಫ್ಟು. ಅದರಲ್ಲಿ ಕಸ ಹೋಗುತ್ತದೆ, ಹೆಣ ಹೋಗುತ್ತದೆ, ನಾವು ಹೋಗುತ್ತೇವೆ. ನಮ್ಮನ್ನು ಅವರು ಕೆಳಗಿನವರು ಎನ್ನುತ್ತಾರೆ. ನಾವು ಕೆಲಸ ಮಾಡುವ ಜಾಗಕ್ಕೆ ಆ ಮಾತು ಎಂದು ಮೊದಮೊದಲು ನಾನು ತಿಳಿದಿದ್ದೆ.

ಒಗೆದ ಹಾಸುಬಟ್ಟೆಗಳನ್ನು ಒದ್ದೆಯಿರುವಾಗಲೇ ರೋಲರಿಗೆ ಕೊಡಬೇಕು. ಹಬೆಯಲ್ಲಿ ಕಾದ ದೊಡ್ಡ ಉರುಳೆ ಅದು. ಬಟ್ಟೆಯನ್ನು ಒಳಗೆಳೆದುಕೊಂಡು, ಒಣಗಿಸಿ, ಇಸ್ತ್ರಿ ಮಾಡಿ ಆಚೆ ಬಿಡುತ್ತದೆ. ನಾನೊಂದು ತುದಿ, ಅಕ್ಕ ಒಂದು ತುದಿ. ಎಳೆದು, ಅಂಚು ಸರಿಮಾಡಿ, ಬಾಯಿಗೆ ಕೊಡಬೇಕು. ದಿನವೆಲ್ಲ ಇದೇ. ಬ್ಲೀಚಿಗೆ ಬೆರಳ ತುದಿಯ ಚರ್ಮ ಏಳುತ್ತಿತ್ತು. ಬಿಸಿಗೆ ಗಟ್ಟಿಯಾಗುತ್ತಿತ್ತು. ಮನೆಯಲ್ಲಿ ಒಲೆಯ ಮೇಲಿನ ಪಾತ್ರೆಯನ್ನು ನಾವಿಬ್ಬರೂ ಬರಿಗೈಯಲ್ಲಿ ಇಳಿಸುತ್ತಿದ್ದೆವು.

ಉರುಳೆಯ ಬಾಯಿಗೆ ಅಡ್ಡವಾಗಿ ಒಂದು ಪಟ್ಟಿ ಇತ್ತು. ಕೈ ಅದಕ್ಕೆ ತಾಗಿದರೆ ಮೆಷಿನು ನಿಲ್ಲಬೇಕು. ಬಟ್ಟೆ ಮುದುರಿ ತಾಗಿದರೂ ಅದು ನಿಲ್ಲುತ್ತಿತ್ತು. ಕೆಲಸ ಹಿಂದೆ ಬೀಳುತ್ತದೆ ಎಂದು ಸೂಪರ್‌ವೈಸರು ಮೇಲೆ ಕೇಳಿಕೊಂಡು ಬಂದು ಆ ಪಟ್ಟಿಯನ್ನು ತಂತಿಯಲ್ಲಿ ಎತ್ತಿ ಕಟ್ಟಿಸಿದ. ಆಮೇಲೆ ಮೆಷಿನು ನಿಲ್ಲಲಿಲ್ಲ.

ಅಕ್ಕನ ಕೈ ಒಳಗೆ ಹೋದಾಗಲೂ ನಿಲ್ಲಲಿಲ್ಲ.

ನಾನು ಇನ್ನೊಂದು ತುದಿ ಹಿಡಿದಿದ್ದೆ. ಬಟ್ಟೆ ನನ್ನ ಕೈಯಿಂದ ಸರ್ರನೆ ಜಾರಿತು. ಅಕ್ಕ ಮುಂದಕ್ಕೆ ಬಾಗಿದಳು. ಏನನ್ನೋ ಹೆಕ್ಕಲು ಬಾಗಿದಂತೆ ಇತ್ತು. ಯಾರೋ ಓಡಿಹೋಗಿ ಗೋಡೆಯ ಮೇಲಿನ ದೊಡ್ಡ ಸ್ವಿಚ್ಚು ಕೆಳಗೆಳೆದರು. ಉರುಳೆಯನ್ನು ಹಿಂದಕ್ಕೆ ತಿರುಗಿಸಿ ಕೈ ಬಿಡಿಸಿದೆವು. ಮೊಣಕೈವರೆಗೆ ಬೆಂದಿತ್ತು. ಮುಂಗೈ ಹತ್ತಿರ ಚರ್ಮ ಸೀಳಿ ಜೋತಾಡುತ್ತಿತ್ತು. ಕೊಳೆ ಬಟ್ಟೆಯ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹಿಂದಿನ ಲಿಫ್ಟಿನಲ್ಲೇ ಮೇಲೆ ಕರೆದುಕೊಂಡು ಹೋದೆ. ಆಗಲೂ ಮೇಲಿನ ಲಿಫ್ಟು ನನಗೆ ಹೊಳೆಯಲಿಲ್ಲ.

ಗಾಯದವರನ್ನು ನೋಡುವ ಕೋಣೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಇದ್ದರು. ಇಡೀ ಆಸ್ಪತ್ರೆಗೆ ಅವರು ನಗುಮುಖದ ಡಾಕ್ಟರು. ಎಲ್ಲರ ಜೊತೆ ನಗುತ್ತಾ ಮಾತಾಡುತ್ತಾರೆ. ನಮ್ಮನ್ನು ಕಂಡರೂ ನಕ್ಕು, ಊಟ ಆಯ್ತಾ ಎಂದು ಕೇಳುತ್ತಾರೆ. ಅವರೇ ಇದ್ದಾರಲ್ಲ ಎಂದು ನನಗೆ ಸಮಾಧಾನವಾಯಿತು. ಅವರು ಸೂಜಿ ದಾರ ತೆಗೆದುಕೊಂಡರು. ಮರಗಟ್ಟಿಸುವ ಇಂಜೆಕ್ಷನ್ ಕೊಡಬೇಕಲ್ಲವಾ ಎಂದು ನರ್ಸು ಕೇಳಿದಳು.

ಜೀವಮಾನವಿಡೀ ಕಿರುಚಿದ ಅಕ್ಕ ಆ ದಿನ ಕಿರುಚಿರಲಿಲ್ಲ. ಗೋಡೆಯ ಕಡೆ ನೋಡುತ್ತಾ ಕೂತಿದ್ದಳು. ಡಾಕ್ಟರು ಅವಳ ಮುಖ ನೋಡಿದರು. ನಗುತ್ತಾ ನರ್ಸಿಗೆ ಹೇಳಿದರು.

"ಈ ಜನಕ್ಕೆ ಚರ್ಮ ದಪ್ಪ, ಸಿಸ್ಟರ್. ನಮಗೆ ನೋವಾದಷ್ಟು ಇವರಿಗೆ ಆಗಲ್ಲ."

ಹೊಲಿದರು. ನಾನು ಅಕ್ಕನ ಇನ್ನೊಂದು ಕೈ ಹಿಡಿದಿದ್ದೆ. ಸೂಜಿ ಒಳಗೆ ಹೋದಾಗಲೆಲ್ಲ ಆ ಕೈ ನನ್ನ ಕೈಯನ್ನು ಹಿಂಡುತ್ತಿತ್ತು. ಹಾಸಿಗೆ ಖಾಲಿ ಇಲ್ಲ ಎಂದು ಸಂಜೆಯೇ ಮನೆಗೆ ಕಳಿಸಿದರು. ಆಮೇಲೆ ಜ್ವರ ಬಂತು. ಬೆರಳುಗಳು ಕಪ್ಪಾದವು. ಮತ್ತೆ ಕರೆತಂದಾಗ ಹಾಸಿಗೆ ಕೊಟ್ಟರು. ನಾನೇ ಇಸ್ತ್ರಿ ಮಾಡಿದ ಬಟ್ಟೆ ಹಾಸಿತ್ತು. ಅದರ ಮೇಲೆ ಸತ್ತಳು.

ನಾನು ಅಳಲಿಲ್ಲ. ಅಳು ಬರುತ್ತದೆಂದು ಕಾದೆ. ಬರಲಿಲ್ಲ. ಕೆಲಸಕ್ಕೆ ಹೋದೆ. ಅಕ್ಕನ ತುದಿಗೆ ಬೇರೊಬ್ಬಳನ್ನು ನಿಲ್ಲಿಸಿದ್ದರು. ತಂತಿ ಹಾಗೇ ಇತ್ತು.

ಹೊರಗಿನಿಂದ ತಪಾಸಣೆಗೆ ಒಬ್ಬರು ಬಂದರು. ಅವರು ಬರುವ ಮುಂಚೆ ಆಫೀಸರು ಭಾವನನ್ನು ಕರೆಸಿದರು. ಸಿಬ್ಬಂದಿಯನ್ನೆಲ್ಲ ನೋಡಿಕೊಳ್ಳುವ ಆಫೀಸರು ಅವರು, ಮೆತ್ತಗೆ ಮಾತಾಡುವವರು. ಪಕ್ಕದ ಕೋಣೆಯಲ್ಲಿ ನಾನು ಒಗೆದ ಪರದೆಗಳನ್ನು ತೂಗುಹಾಕುತ್ತಿದ್ದೆ. ನಡುವಿನ ಬಾಗಿಲು ತೆರೆದೇ ಇತ್ತು. ನನ್ನನ್ನು ನೋಡಿಯೂ ಅವರು ಮುಚ್ಚಲಿಲ್ಲ. ಗೋಡೆಗೂ ಕಿವಿ ಇದೆ ಎನ್ನುತ್ತಾರೆ. ನಮಗೂ ಇದೆ ಎಂದು ಅಲ್ಲಿ ಯಾರಿಗೂ ಅನಿಸುತ್ತಿರಲಿಲ್ಲ.

ಆಫೀಸರು ಭಾವನಿಗೆ ಮಾತು ಹೇಳಿಕೊಟ್ಟರು. ಮಕ್ಕಳಿಗೆ ಪಾಠ ಒಪ್ಪಿಸಿಕೊಳ್ಳುವ ಹಾಗೆ ಮತ್ತೆ ಮತ್ತೆ ಹೇಳಿಸಿದರು. "ತಪ್ಪು ಅವಳದೇ. ಮೈಮೇಲೆ ಎಚ್ಚರ ಇರಲಿಲ್ಲ. ಆಸ್ಪತ್ರೆಯವರು ನಮ್ಮನ್ನು ಚೆನ್ನಾಗಿ ನೋಡಿಕೊಂಡರು." ಭಾವ ತೊದಲಿದರು. ಆಗ ಆಫೀಸರು ಇನ್ನೂ ಮೆತ್ತಗೆ ಹೇಳಿದರು. ಹಬೆ ಬಿಡುವವನು ನೀನು. ತಪ್ಪು ಅವಳದಲ್ಲ ಅಂದರೆ ನಿನ್ನದಾಗುತ್ತದೆ. ಹೆಂಡತಿಯನ್ನು ಕೊಂದವನು ಅನ್ನಿಸಿಕೊಳ್ಳುತ್ತೀಯಾ?

ಭಾವ ಒಪ್ಪಿಸಿದರು. ತಪಾಸಣೆಯವರು ಬಂದರು, ಹೋದರು. ಭಾವ ಮನೆಯಲ್ಲಿ ಮಾತು ಬಿಟ್ಟರು. ತಟ್ಟೆಯ ಮುಂದೆ ಕೂತು ತಟ್ಟೆಯನ್ನೇ ನೋಡುತ್ತಿದ್ದರು. ಮಗಳು ಏನಾದರೂ ಕೇಳಿದರೆ ಎದ್ದು ಹೋಗುತ್ತಿದ್ದರು. ನಮ್ಮ ಮನೆಯಲ್ಲಿ ಈಗ ಇಬ್ಬರು ಮೂಗರು.

ಆಸ್ಪತ್ರೆಯ ವಾರ್ಷಿಕ ಸಭೆ ಹತ್ತಿರವಾಯಿತು. ಆಫೀಸರು ನನ್ನನ್ನು ಕರೆಸಿದರು. ಕೂತುಕೋ ಎಂದರು. ಕುರ್ಚಿಯ ಮೇಲೆ ಬಿಳಿ ಹೊದಿಕೆ ಇತ್ತು. ನಾನು ಕೂರಲಿಲ್ಲ. ಕೆಳಗಿನವರ ಪರವಾಗಿ ನೀನು ಎರಡು ಮಾತಾಡಬೇಕು ಎಂದರು. ಹೊರಗಿನ ದೊಡ್ಡ ಜನ ಬರುತ್ತಾರೆ. ಸತ್ತವಳ ಮನೆಯವಳೇ ಬಂದು ಆಸ್ಪತ್ರೆಗೆ ಕೃತಜ್ಞತೆ ಹೇಳಿದರೆ ಒಳ್ಳೆಯದು. ನನಗೆ ಮಾತು ಬರಲ್ಲ ಎಂದೆ. ಅದಕ್ಕೇ ನಿನ್ನನ್ನ ಕರೆದಿದ್ದು ಎಂದು ನಕ್ಕರು. ಬೇರೆ ಹೆಂಗಸರು ಬಾಯಿ ತೆರೆದರೆ ಮುಚ್ಚಲ್ಲ.

ಆಮೇಲೆ ಭಾಷಣ ಮಾಡುವುದು ಹೇಗೆ ಎಂದು ಹೇಳಿಕೊಟ್ಟರು. ಅವರಿಗೆ ಅದರಲ್ಲಿ ಖುಷಿ ಇತ್ತು. ಎದ್ದು ನಿಂತು ಮಾಡಿ ತೋರಿಸಿದರು.

"ನಿನ್ನ ಮಾತು ಯಾರಿಗೂ ಬೇಡ. ದೊಡ್ಡವರ ಮಾತು ಹೇಳು. ಮೊದಲು ಮಾತು ಹೇಳು, ಹೆಸರು ಹೇಳಬೇಡ. ಸ್ವಲ್ಪ ನಿಲ್ಲು. ಇದನ್ನ ಯಾರು ಹೇಳಿದ್ದು ಗೊತ್ತಾ ಅಂತ ಸಭೆಯನ್ನ ಕೇಳು. ಜನ ಯೋಚಿಸ್ತಾರೆ. ಆಮೇಲೆ ಹೆಸರು ಹೇಳು. ಚಪ್ಪಾಳೆ ಬಿದ್ದೇ ಬೀಳುತ್ತೆ."

ನಮ್ಮ ಸ್ಥಾಪಕರ ಮಾತುಗಳೆಂದು ನಾಲ್ಕಾರು ವಾಕ್ಯ ಬಾಯಿಪಾಠ ಮಾಡಿಸಿದರು. ಸೇವೆ, ತ್ಯಾಗ, ದೀಪ ಎಂದು ಏನೇನೋ ಇತ್ತು. ರೋಲರಿನ ಮುಂದೆ ನಿಂತು ಅವನ್ನು ಮನಸ್ಸಿನಲ್ಲಿ ಹೇಳಿಕೊಂಡೆ. ಹೇಳಿಕೊಳ್ಳುತ್ತಾ ಇದ್ದಂತೆ ಅವುಗಳ ಜಾಗಕ್ಕೆ ಬೇರೆ ಮಾತುಗಳು ಬಂದವು. ಹುಡುಕಲಿಲ್ಲ. ಬಟ್ಟೆ ಬೀಳುವ ಹಾಗೆ ಬಂದು ಬಿದ್ದವು. ವರ್ಷಗಟ್ಟಲೆ ಸುಮ್ಮನೆ ಇದ್ದವಳಿಗೆ ಕೇಳಿದ್ದೆಲ್ಲ ನೆನಪಿರುತ್ತದೆ. ದೊಡ್ಡವರು ಎಂದರೆ ಯಾರು ಎಂದು ಯೋಚಿಸಿದೆ. ಯಾರ ಮಾತಿನಿಂದ ಇನ್ನೊಬ್ಬರ ಜೀವ ಉಳಿಯುತ್ತದೋ ಹೋಗುತ್ತದೋ ಅವರೇ ದೊಡ್ಡವರು. ಹಾಗೆಂದು ತೀರ್ಮಾನಿಸಿದೆ. ಸಿಟ್ಟು ಇತ್ತೇ ಎಂದು ಕೇಳಿದರೆ ಗೊತ್ತಿಲ್ಲ. ಇದ್ದಿರಬೇಕು. ಬೆರಳಿಗೆ ಬಿಸಿ ಗೊತ್ತಾಗದಂತೆ ಅದೂ ಗೊತ್ತಾಗಲಿಲ್ಲ.

ಸಭೆಯ ದಿನ ಕೆಳಗಿನವರಿಗೆಲ್ಲ ಹೊಸ ಸಮವಸ್ತ್ರ ಕೊಟ್ಟರು. ಮುಗಿದ ಮೇಲೆ ವಾಪಸು ಕೊಡಬೇಕು, ಕಲೆ ಮಾಡಬಾರದು ಎಂದರು. ಕಲೆಯಾದರೆ ತೊಳೆಯುವವರೂ ನಾವೇ ಎಂದು ನಮ್ಮ ಅಜ್ಜಿ ಗೊಣಗಿದಳು. ಅಜ್ಜಿ ಎಂದರೆ ಲಾಂಡ್ರಿಯಲ್ಲಿ ಎಲ್ಲರಿಗಿಂತ ಹಿರಿಯಳು. ನಮ್ಮನ್ನು ಹಿಂದಿನ ಗೋಡೆಗೆ ಒರಗಿಸಿ ನಿಲ್ಲಿಸಿದರು. ಮುಂದೆ ಡಾಕ್ಟರುಗಳು, ನರ್ಸುಗಳು, ಕಲಿಯುವ ಹುಡುಗ ಹುಡುಗಿಯರು, ಹೊರಗಿನ ಗಣ್ಯರು. ವೇದಿಕೆಯ ಹಿಂದೆ ಸ್ಥಾಪಕರ ದೊಡ್ಡ ಪಟ. ಅದರ ಕೆಳಗೆ ದೊಡ್ಡ ಡಾಕ್ಟರು, ಅಂದರೆ ಆಸ್ಪತ್ರೆಯ ಮುಖ್ಯಸ್ಥರು, ಕೂತಿದ್ದರು.

ಅವರು ಮಾತಾಡಿದರು. ಆಸ್ಪತ್ರೆ ಒಂದು ಕುಟುಂಬ ಎಂದರು. ಈ ವರ್ಷ ಕುಟುಂಬದ ಒಬ್ಬಳನ್ನು ಕಳೆದುಕೊಂಡೆವು, ಎದ್ದು ನಿಂತು ಗೌರವ ಸಲ್ಲಿಸೋಣ ಎಂದರು. ಹೆಸರು ಹೇಳಿದರು. ಅದು ಅಕ್ಕನ ಹೆಸರಲ್ಲ. ಯಾರ ಹೆಸರೋ. ಎಲ್ಲರೂ ಎದ್ದು ನಿಂತು ತಲೆ ತಗ್ಗಿಸಿದರು. ನಾನು ಭಾವನ ಕಡೆ ನೋಡಿದೆ. ಅವರೂ ತಲೆ ತಗ್ಗಿಸಿದ್ದರು.

ಆಮೇಲೆ ನನ್ನನ್ನು ಕರೆದರು. ಮೈಕು ನನಗಿಂತ ಎತ್ತರದಲ್ಲಿತ್ತು. ಒಬ್ಬರು ಬಂದು ಬಗ್ಗಿಸಿ ಹೋದರು.

ನನಗೆ ಭಾಷಣ ಬರಲ್ಲ, ದೊಡ್ಡವರ ಮಾತು ಹೇಳು ಅಂದಿದ್ದಾರೆ, ಹೇಳ್ತೀನಿ, ಯಾರ ಮಾತು ಅಂತ ನೀವು ಹೇಳಿ ಎಂದೆ. ನನ್ನ ದನಿ ದೊಡ್ಡದಾಗಿ ಕೇಳಿ ನನಗೇ ಯಾರದೋ ಅನಿಸಿತು. ಮುಂದಿನ ಸಾಲಿನವರು ಮಗುವನ್ನು ನೋಡುವ ಹಾಗೆ ನೋಡಿ ಮುಗುಳ್ನಕ್ಕರು. ಆಫೀಸರು ತಲೆಯಾಡಿಸಿದರು.

"ಇದರ ಮೇಲೆ ಮಲಗೋದು ಯಾರೋ ರೋಗಿ ಅಲ್ಲ, ಯಾರದೋ ತಾಯಿ. ಒಂದು ಸುಕ್ಕು ಉಳಿದ್ರೂ ಆ ಬೆನ್ನಿಗೆ ಚುಚ್ಚುತ್ತೆ."

ನಿಂತೆ. ಯಾರು ಹೇಳಿದ್ದು ಎಂದು ಕೇಳಿದೆ.

ಸಭೆ ಒಮ್ಮೆ ಉಸಿರೆಳೆದುಕೊಂಡಿತು. ಒಬ್ಬ ಹಿರಿಯ ನರ್ಸು ಕಣ್ಣು ಒರೆಸಿಕೊಂಡಳು. ದೊಡ್ಡ ಡಾಕ್ಟರು ಕೂತಲ್ಲಿಂದಲೇ ಪಟದ ಕಡೆ ಕೈ ತೋರಿಸಿ, ಇನ್ಯಾರು, ನಮ್ಮ ಸ್ಥಾಪಕರು ಎಂದರು. ನನಗೆ ಚಿಕ್ಕಂದಿನಿಂದ ಗೊತ್ತಿರುವ ಮಾತು ಎಂದೂ ಸೇರಿಸಿದರು. ಚಪ್ಪಾಳೆ ಬಿತ್ತು.

"ಅಲ್ಲ ಸರ್. ನಮ್ಮಕ್ಕ ಹೇಳಿದ್ದು. ಈಗ ಬೇರೆ ಯಾರದೋ ಹೆಸರು ಹೇಳಿ ಎದ್ದು ನಿಂತ್ರಲ್ಲ, ಅವಳು."

ಚಪ್ಪಾಳೆ ನಡುವೆಯೇ ನಿಂತಿತು. ಕೆಲವರು ಏನು ಮಾಡಬೇಕೆಂದು ತಿಳಿಯದೆ ಇನ್ನೊಂದೆರಡು ತಟ್ಟಿದರು. ನಾನು ಕಾಯಲಿಲ್ಲ. ಎರಡನೆಯದು ಹೇಳಿದೆ.

"ಈ ಜನಕ್ಕೆ ಚರ್ಮ ದಪ್ಪ. ನಮಗೆ ನೋವಾದಷ್ಟು ಇವರಿಗೆ ಆಗಲ್ಲ."

ಈಗ ಸಭೆಯಲ್ಲಿ ಗುಸುಗುಸು. ಕಲಿಯುವ ಹುಡುಗರು ಉತ್ಸಾಹದಿಂದ ಕೂಗಿದರು. ಹಳೇ ಕಾಲದ ಯಾವುದೋ ದೊರೆ ಎಂದ ಒಬ್ಬ. ಆಳುಗಳನ್ನು ಕೊಂಡು ಮಾರುತ್ತಿದ್ದ ವ್ಯಾಪಾರಿ ಇರಬೇಕು ಎಂದಳು ಒಬ್ಬಳು. ಗಣ್ಯರೊಬ್ಬರು, ಅಂಥ ಕಾಲವೂ ಇತ್ತು ಎಂದು ಪಕ್ಕದವರಿಗೆ ಹೇಳುವುದು ವೇದಿಕೆಗೂ ಕೇಳಿಸಿತು. ನಗುಮುಖದ ಡಾಕ್ಟರು ಮುಂದೆಯೇ ಕೂತಿದ್ದರು. ಅವರು ತಲೆ ಅಲ್ಲಾಡಿಸಿ, ಛೆ ಎಂದರು. ಅವರ ಮುಖದಲ್ಲಿ ಮೊದಲ ಸಲ ನಗು ಇರಲಿಲ್ಲ. ನನ್ನನ್ನೇ ನೋಡಿ ಜೋರಾಗಿ ಹೇಳಿದರು.

"ಯಾರಾದ್ರೂ ಆಗಿರಲಿ. ಮನುಷ್ಯತ್ವ ಇಲ್ಲದವನು."

"ನೀವೇ ಸರ್," ಎಂದೆ. "ಅಕ್ಕನ ಕೈ ಹೊಲಿಯುವಾಗ ಹೇಳಿದ್ರಿ. ಇಂಜೆಕ್ಷನ್ ಕೊಡಲಿಲ್ಲ."

ಡಾಕ್ಟರು ಎದ್ದು ನಿಲ್ಲಲು ಹೋಗಿ ಅರ್ಧಕ್ಕೇ ಕೂತರು. ಅವರ ಪಕ್ಕದಲ್ಲಿದ್ದವರು ಸ್ವಲ್ಪ ದೂರ ಸರಿದರು. ಅಂದು ಕೋಣೆಯಲ್ಲಿದ್ದ ನರ್ಸು ಮುಖಕ್ಕೆ ಕೈ ಅಡ್ಡ ಹಿಡಿದಳು. ಆಫೀಸರು ವೇದಿಕೆಯ ಮೂಲೆಯಿಂದ ಎದ್ದು ನನ್ನ ಕಡೆ ಬರತೊಡಗಿದರು. ನಾನು ಮೂರನೆಯದು ಹೇಳಿದೆ.

"ತಪ್ಪು ಅವಳದೇ. ಮೈಮೇಲೆ ಎಚ್ಚರ ಇರಲಿಲ್ಲ. ಆಸ್ಪತ್ರೆಯವರು ನಮ್ಮನ್ನು ಚೆನ್ನಾಗಿ ನೋಡಿಕೊಂಡರು."

ಈ ಸಲ ಯಾರು ಎಂದು ಕೇಳಿದಾಗ ಯಾರೂ ಊಹಿಸಲಿಲ್ಲ. ಎಲ್ಲರಿಗೂ ಹೆದರಿಕೆ. ತನ್ನ ಹೆಸರೇ ಬಂದುಬಿಟ್ಟರೆ? ಆ ಮಾತು ಕಟ್ಟಿದವರು ಆಫೀಸರು. ಅವರ ಹೆಸರನ್ನೇ ನಾನು ಹೇಳಲಿದ್ದೆ. ಭಾವನ ಸುದ್ದಿ ಎತ್ತುವ ಯೋಚನೆ ನನಗಿರಲಿಲ್ಲ. ಅಷ್ಟರಲ್ಲಿ ಮೈಕು ಸತ್ತುಹೋಯಿತು. ಆಫೀಸರು ತಂತಿ ಕಿತ್ತಿದ್ದರು. ಬಾಯಿ ತೆರೆದೆ. ದನಿ ಮುಂದಿನ ಸಾಲಿಗೂ ಮುಟ್ಟಲಿಲ್ಲ. ಕಿರುಚಿ ಅಭ್ಯಾಸವಿಲ್ಲ ನನಗೆ.

ಹಿಂದಿನ ಗೋಡೆಯಿಂದ ಒಂದು ಮಾತು ಬಂತು.

"ನಾನು ಹೇಳಿದ್ದು."

ಭಾವ ಗೋಡೆಯನ್ನು ಬಿಟ್ಟು ಮುಂದೆ ಬಂದಿದ್ದರು. ಬಾಯ್ಲರಿನ ಸದ್ದಿನ ಮೇಲೆ ಮಾತಾಡಿದ ಗಂಟಲು. ಅದಕ್ಕೆ ಮೈಕು ಬೇಕಿರಲಿಲ್ಲ.

"ಸತ್ತವಳು ನನ್ನ ಹೆಂಡತಿ. ಬಾಯಿ ನನ್ನದು. ಮಾತು ಅಲ್ಲಿ ನಿಂತಿದ್ದಾರಲ್ಲ ಆಫೀಸರು, ಅವರದು. ತಪ್ಪು ಅವಳದಲ್ಲ ಅಂದ್ರೆ ನಿನ್ನದು ಅಂದ್ರು. ಹೆದರಿದೆ, ಹೇಳಿದೆ. ಕೈ ಸಿಕ್ಕಿದ್ರೆ ನಿಲ್ಲೋ ಪಟ್ಟಿನ ತಂತೀಲಿ ಕಟ್ಟಿಸಿದ್ದು ಈ ಮೇಲಿನವರೇ. ಈಗಲೂ ಕಟ್ಟೇ ಇದೆ. ಹೋಗಿ ನೋಡಿ."

ಯಾರೂ ಹೋಗಿ ನೋಡಲಿಲ್ಲ. ದೊಡ್ಡ ಡಾಕ್ಟರು ಎದ್ದು, ದುಃಖದಲ್ಲಿರುವವರು ಏನೇನೋ ಹೇಳುತ್ತಾರೆ, ನಾವು ಅರ್ಥ ಮಾಡಿಕೊಳ್ಳಬೇಕು ಎಂದರು. ತಿಂಡಿಗೆ ಏಳಿ ಎಂದರು. ಜನ ಎದ್ದರು. ನಾನು ವೇದಿಕೆ ಇಳಿಯುವಾಗ ಗಣ್ಯರ ಪೈಕಿ ಒಬ್ಬ ಹೆಂಗಸು ನನ್ನ ಭುಜ ತಟ್ಟಿ, ತುಂಬಾ ಚೆನ್ನಾಗಿ ಮಾತಾಡಿದೆ, ಯಾರು ಬರೆದುಕೊಟ್ಟರು ಎಂದು ಕೇಳಿದಳು.

ಮಾರನೆಯ ದಿನ ವಿಚಾರಣೆ. ಆಫೀಸರು, ಆಸ್ಪತ್ರೆಯ ಇನ್ನೊಬ್ಬ ಹಿರಿಯ ಡಾಕ್ಟರು, ದೊಡ್ಡ ನರ್ಸಮ್ಮ, ಮೂವರು ಕೂತಿದ್ದರು. ತಂತಿ ಕಟ್ಟಿದ್ದು ಯಾರೆಂದು ಕೇಳುತ್ತಾರೆ, ಇಂಜೆಕ್ಷನ್ ಯಾಕೆ ಕೊಡಲಿಲ್ಲ ಎಂದು ಕೇಳುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ. ನಿನಗೆ ಯಾರು ಹೇಳಿಕೊಟ್ಟರು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ.

ಯಾರೂ ಹೇಳಿಕೊಡಲಿಲ್ಲ ಎಂದೆ. ನಂಬಲಿಲ್ಲ. ಒಂದೊಂದು ಮಾತನ್ನೂ ಎಷ್ಟು ಲೆಕ್ಕ ಹಾಕಿ ಇಟ್ಟಿದ್ದಾರೆ ಎಂದು ಹಿರಿಯ ಡಾಕ್ಟರು ಹೇಳಿದರು. ಇದು ಬಟ್ಟೆ ಒಗೆಯುವವಳ ತಲೆಯಲ್ಲ, ಓದಿದವರ ತಲೆ ಎಂದರು. ಹೊರಗಿನ ಪುಢಾರಿಗಳು ಯಾರಾದರೂ ಬಂದಿದ್ದರಾ? ನಿನ್ನ ಭಾವನಾ? ಕೊನೆಗೆ ಆಫೀಸರು ಮೆತ್ತಗೆ ಮುಂದಕ್ಕೆ ಬಾಗಿದರು. ಮನೆಯಲ್ಲಿ ಕಾಲೇಜು ಓದುವ ಹುಡುಗಿ ಇದ್ದಾಳಲ್ಲ. ಅವಳೇ ಹೇಳಿಕೊಟ್ಟಳು ಎಂದುಬಿಡು. ತಾಯಿ ಸತ್ತ ಸಂಕಟ, ಹುಡುಗು ಬುದ್ಧಿ, ನಾವೂ ದೊಡ್ಡ ಮನಸ್ಸು ಮಾಡುತ್ತೇವೆ. ನಿನ್ನ ಕೆಲಸ ನಿನಗೆ, ಭಾವನ ಕೆಲಸ ಭಾವನಿಗೆ.

"ಹೇಳಿಕೊಟ್ಟೋರು ನೀವೇ ಸರ್," ಎಂದೆ. "ಮೊದಲು ಮಾತು ಹೇಳು, ಸ್ವಲ್ಪ ನಿಲ್ಲು, ಯಾರು ಹೇಳಿದ್ದು ಅಂತ ಕೇಳು, ಆಮೇಲೆ ಹೆಸರು ಹೇಳು ಅಂದ್ರಿ. ನಿಂತು ತೋರಿಸಿದ್ರಿ. ನಾನು ಹಾಗೇ ಮಾಡಿದೆ. ಮಾತೂ ನಂದಲ್ಲ. ನಿಮ್ಮೋರದೇ."

ದೊಡ್ಡ ನರ್ಸಮ್ಮ ಕೆಮ್ಮಿದಳು. ಕೆಮ್ಮೋ ನಗುವೋ ಗೊತ್ತಾಗಲಿಲ್ಲ. ಆಫೀಸರ ಕಿವಿ ಕೆಂಪಾಯಿತು. ಎಲ್ಲರ ಮುಂದೆ ಕ್ಷಮೆ ಕೇಳಬೇಕು ಎಂದರು.

"ಆಗಲ್ಲ."

ಆ ಮನೆಗೆ ಸೊಸೆಯಾಗಿ ಬಂದಮೇಲೆ, ಆ ಕೆಲಸಕ್ಕೆ ಸೇರಿದಮೇಲೆ, ಯಾರಿಗಾದರೂ ನಾನು ಆಗಲ್ಲ ಎಂದದ್ದು ನೆನಪಿಲ್ಲ. ಅವರು ಮತ್ತೊಮ್ಮೆ ಕೇಳಿದರು. ಮತ್ತೊಮ್ಮೆ ಅದನ್ನೇ ಹೇಳಿದೆ. ಹೊರಗೆ ಹೋಗು, ಇನ್ನು ಬರಬೇಡ ಎಂದರು.

ಚೀಲ ತೆಗೆದುಕೊಳ್ಳಲು ಕೆಳಗೆ ಹೋದೆ. ಸೂಪರ್‌ವೈಸರು ನನ್ನ ಜಾಗಕ್ಕೆ ಆಗಲೇ ಒಬ್ಬಳನ್ನು ಕರೆತಂದಿದ್ದ. ಹೊಸಬಳು. ಕಾಲ ಬುಡದಲ್ಲಿ ಒದ್ದೆ ಬಟ್ಟೆಯ ರಾಶಿ. ಅವಳು ಎತ್ತಿ ಕಟ್ಟಿದ ಪಟ್ಟಿಯನ್ನು ನೋಡಿದಳು. ಇದೇನಾ ಎಂದು ಅಜ್ಜಿಯನ್ನು ಕೇಳಿದಳು. ಅಜ್ಜಿ ಹೂಂ ಎಂದಳು. ಹೊಸಬಳು ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಸೂಪರ್‌ವೈಸರು ಬೈದ. ಅವಳು ಕೈ ತೆಗೆಯಲಿಲ್ಲ. ಇನ್ನೊಬ್ಬಳನ್ನು ಕರೆದ. ಅವಳೂ ಬರಲಿಲ್ಲ. ತಂತಿ ಬಿಚ್ಚಿಸಪ್ಪ, ಆಮೇಲೆ ಕೂಗಾಡು ಎಂದು ಹೇಳಿ ಅಜ್ಜಿ ರಾಶಿಯ ಮೇಲೆ ಕೂತಳು. ಘೋಷಣೆ ಇಲ್ಲ, ಗಲಾಟೆ ಇಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಆ ಕಡೆ ಭಾವ ಹಬೆಯ ಕೀಲಿ ತಿರುಗಿಸಿದರು. ಕೊಳವೆಗಳು ಒಂದೊಂದಾಗಿ ತಣ್ಣಗಾದವು. ಆ ಕೋಣೆ ಅಷ್ಟು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ. ಮೇಲೆ ಯಾವುದೋ ಮಗು ಅಳುವುದು ಬಟ್ಟೆ ಬೀಳುವ ಕೊಳವೆಯಲ್ಲಿ ಕೇಳಿಸಿತು.

ಬಟ್ಟೆ ಬೀಳುತ್ತಲೇ ಇತ್ತು. ಯಾರೂ ಮುಟ್ಟಲಿಲ್ಲ. ಮೇಲೆ ಹಾಸಲು ಬಟ್ಟೆ ಮುಗಿಯಿತು. ಆಪರೇಷನ್‌ಗಳು ಮುಂದಕ್ಕೆ ಹೋದವು. ಅಂದು ಕಣ್ಣು ಒರೆಸಿಕೊಂಡ ಅದೇ ಹಿರಿಯ ನರ್ಸು ಇಳಿದು ಬಂದು, ನಿಮಗೆ ಕರುಣೆ ಇಲ್ಲವಾ ಎಂದು ಕೇಳಿದಳು. ಇದೆ, ಆ ತಂತಿ ಬಿಚ್ಚಲಿ ಎಂದಳು ಅಜ್ಜಿ. ಕೊನೆಗೆ ಸೂಪರ್‌ವೈಸರೇ ಇಕ್ಕಳ ತಂದು ತಂತಿ ಕತ್ತರಿಸಿದ. ಅಡ್ಡಪಟ್ಟಿ ಕೆಳಗಿಳಿಯಿತು. ಅಜ್ಜಿ ಮೆಷಿನು ಹಾಕಿಸಿ ಅದಕ್ಕೆ ಕೈ ತಾಗಿಸಿ ನೋಡಿದಳು. ಮೆಷಿನು ನಿಂತಿತು. ಮತ್ತೆ ಹಾಕಿಸಿ ತಾಗಿಸಿದಳು. ಮತ್ತೆ ನಿಂತಿತು. ಅಷ್ಟಾದ ಮೇಲೆ ಎಲ್ಲರೂ ಎದ್ದು ಕೆಲಸ ಹಿಡಿದರು.

ನನ್ನನ್ನೂ ಭಾವನನ್ನೂ ವಾಪಸು ತೆಗೆದುಕೊಳ್ಳಲಿಲ್ಲ. ಆಫೀಸರಿಗೆ ಏನೂ ಆಗಲಿಲ್ಲ. ದೊಡ್ಡ ಡಾಕ್ಟರಿಗೂ ಏನೂ ಆಗಲಿಲ್ಲ. ನಮ್ಮವರಿಗೆ ಹೊಲಿಗೆ ಹಾಕುವ ಮೊದಲು ಈಗ ಇಂಜೆಕ್ಷನ್ ಕೊಡುತ್ತಾರಂತೆ. ಕೊಡುವಾಗ ಮುಖ ನೋಡುವುದಿಲ್ಲವಂತೆ.

ನಗುಮುಖದ ಡಾಕ್ಟರು ಒಂದು ಸಲ ನನ್ನನ್ನು ಬೀದಿಯಲ್ಲಿ ತಡೆದರು. ಆಗ ನಾನು ಒಂದು ವಸತಿಗೃಹದಲ್ಲಿ ಪಾತ್ರೆ ತೊಳೆಯುತ್ತಿದ್ದೆ, ಕೆಲಸ ಮುಗಿಸಿ ಬರುತ್ತಿದ್ದೆ. ಅವರು ಸೊರಗಿದ್ದರು. ಎಷ್ಟು ಯೋಚಿಸಿದರೂ ಆ ಮಾತು ಆಡಿದ್ದು ನೆನಪಿಗೇ ಬರುತ್ತಿಲ್ಲ ಎಂದರು. ನಿಜವಾಗಿ ಆಡಿದೆನಾ ಎಂದು ಕೇಳಿದರು. ಹೂಂ ಎಂದೆ. ಕ್ಷಮಿಸಿಬಿಡಿ ಎಂದರು.

"ಹೊಲಿಸಿಕೊಂಡೋಳು ನಾನಲ್ಲ ಸರ್."

ಸಿಟ್ಟಿನಿಂದ ಹೇಳಲಿಲ್ಲ. ಇದ್ದದ್ದು ಹೇಳಿದೆ. ದಾರಿ ಬಿಟ್ಟರು. ಬಂದೆ.

ಒಂದು ರಜೆಯ ಮಧ್ಯಾಹ್ನ ಮನೆಯಲ್ಲಿ ನಾವು ಮೂವರೂ ಇದ್ದೆವು. ಭಾವನಿಗೆ ಒಂದು ಕಟ್ಟಡದ ಕಾವಲು ಸಿಕ್ಕಿತ್ತು. ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದರು. ಮಗಳು ಬಟ್ಟೆ ಮಡಚುತ್ತಿದ್ದಳು. ಮಡಚುತ್ತಾ ಮಡಚುತ್ತಾ ನಿಲ್ಲಿಸಿದಳು.

"ಚಿಕ್ಕಮ್ಮ, ಒಂದು ಕೇಳ್ಲಾ? ಆ ತಾಯಿ ಮಾತು, ಸುಕ್ಕಿನ ಮಾತು. ಅಮ್ಮ ನಿಜವಾಗ್ಲೂ ಹಾಗಂದಿದ್ಳಾ? ಇಲ್ಲ ನೀನೇ ಕಟ್ಟಿದ್ದಾ?"

ಅವಳಿಗೂ ನಂಬಿಕೆ ಇರಲಿಲ್ಲ. ಅವಳು ಓದಿದವಳು, ಅಂಥ ಮಾತನ್ನು ಪುಸ್ತಕದಲ್ಲಿ ಕಂಡವಳು. ಬಾಯಿ ತೆರೆದರೆ ಬೈಗುಳ ಸುರಿಸುತ್ತಿದ್ದ ತಾಯಿ ಅದನ್ನು ಆಡಬಹುದು ಎಂದು ಅವಳಿಗೆ ಅನಿಸಿರಲಿಲ್ಲ. ಆ ಸಭೆಯಲ್ಲಿ ಅವಳು ಇದ್ದಿದ್ದರೆ ಅವಳೂ ಪಟದ ಕಡೆಗೇ ಕೈ ತೋರಿಸುತ್ತಿದ್ದಳೇನೋ.

ನಿಮ್ಮಮ್ಮನೇ ಹೇಳಿದ್ದು ಎಂದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಂಚು ಸೊಟ್ಟ ಕೊಟ್ಟೆ, ಆಗ ಬೈದಳು. "ಏ ಮೂದೇವಿ, ಕಣ್ಣು ಬೆನ್ನಲ್ಲಿದೆಯಾ ಅಂದ್ಳು. ಅದರ ಹಿಂದೆಯೇ ಈ ಮಾತು. ಸಭೇಲಿ ಮೂದೇವಿ ಬಿಟ್ಟು ಹೇಳಿದೆ, ಅಷ್ಟೆ."

ಮಗಳ ಬಾಯಿಯ ಮೂಲೆ ಅಲ್ಲಾಡಿತು. ನಗುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ.

"ಅದು ಮೊದಲು ಆಡಿದ್ದು ನನಗೆ," ಎಂದರು ಭಾವ.

ನಾವಿಬ್ಬರೂ ತಿರುಗಿದೆವು. ಅವರು ಕಣ್ಣು ತೆರೆದಿರಲಿಲ್ಲ.

"ನಮ್ಮಮ್ಮ, ನಿಮ್ಮಜ್ಜಿ, ಹಾಸಿಗೆ ಹಿಡಿದಿದ್ಳಲ್ಲ, ಆಗ. ನಿಮ್ಮಮ್ಮ ನನಗೆ ಚಾದರ ಬದಲಿಸು ಅಂದ್ಳು. ನಾನು ಹೇಗೋ ಎಳೆದು ಎದ್ದೆ. ತಲೆಗೆ ಒಂದು ಮೊಟಕಿದ್ಳು. ನಿಮ್ಮಮ್ಮ ಕಣಯ್ಯಾ ಮಲಗಿರೋದು, ಯಾರೋ ಅಲ್ಲ, ಆ ಸುಕ್ಕು ತೆಗಿ ಅಂದ್ಳು. ಅವಳೇ ಕೂತು ಅಂಗೈಯಲ್ಲಿ ಸವರಿ ಸವರಿ ತೆಗೆದ್ಳು."

ಅಕ್ಕ ಹೋದಮೇಲೆ ಅವರು ಮನೆಯಲ್ಲಿ ಅಷ್ಟು ಮಾತಾಡಿದ್ದು ಅದೇ ಮೊದಲು. ಇಷ್ಟಕ್ಕೆ ನಿಲ್ಲಿಸುತ್ತಾರೆ ಎಂದುಕೊಂಡೆ. ನಿಲ್ಲಿಸಲಿಲ್ಲ. ಮದುವೆಯಾದ ವರ್ಷ ಅವಳು ಏನಂದಳು, ಮಗಳು ಹುಟ್ಟಿದಾಗ ಏನಂದಳು, ನನ್ನ ಗಂಡ ಸತ್ತಾಗ ನನ್ನನ್ನು ಈ ಮನೆಯಲ್ಲೇ ಇಟ್ಟುಕೊಳ್ಳಬೇಕೆಂದು ಹಟ ಹಿಡಿದು ಏನಂದಳು, ಒಂದೊಂದನ್ನೂ ಅವಳು ಆಡಿದ ಹಾಗೆಯೇ, ಬೈಗುಳ ಸಮೇತ, ಹೇಳುತ್ತಾ ಹೋದರು. ಮಗಳು ಮಡಚುತ್ತಿದ್ದ ಬಟ್ಟೆಯನ್ನು ಮಡಿಲಲ್ಲಿ ಹಾಗೇ ಇಟ್ಟುಕೊಂಡು ಅಪ್ಪನ ಹತ್ತಿರಕ್ಕೆ ಸರಿದು ಕೂತಳು.